ಹಿಂದೆ ಕೂರುವವರಿಗೆ ಹೆಲ್ಮೆಟ್ ಹಾಕಿಸೋದು ಹೇಗೆ?

ಪ್ರಶ್ನೆ: 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ನಮ್ಮೂರಲ್ಲಿ ಪೊಲೀಸರು ಗಾಡಿ ನಿಲ್ಲಿಸಿದರೆ ಜನ ಜಗಳಕ್ಕೇ ನಿಲ್ಲುತ್ತಾರೆ. ಅಮ್ಮನೂ ಅಷ್ಟೇ, "ಮಾರ್ಕೆಟ್ ಇಲ್ಲೇ ಅಲ್ವಾ" ಅಂತಾರೆ.

ಉತ್ತರ 1: ಜನರ ಸಿಟ್ಟು ಸುಮ್ನೆ ಅಲ್ಲ. ರಸ್ತೆ ಗುಂಡಿ ಮುಚ್ಚದೆ, ತಿರುವಿನಲ್ಲಿ ಮರೆಯಾಗಿ ನಿಂತು 500 ರೂಪಾಯಿ ದಂಡ ಹಾಕಿದರೆ ಯಾರಿಗೆ ಉರಿಯಲ್ಲ ಹೇಳಿ? ಆದರೆ ಗುಂಡಿ ಇರುವ ಕಡೆಯೇ ಹೆಲ್ಮೆಟ್ ಜಾಸ್ತಿ ಬೇಕಾಗೋದು.

ಉತ್ತರ 2: ನನ್ನ ತಂಗಿ ಹಂಪ್ ಹತ್ತಿರ ಹಿಂದಕ್ಕೆ ಬಿದ್ದಳು. ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಹೆಲ್ಮೆಟ್‌ನ ಹಿಂಭಾಗ ಸೀಳಿತ್ತು, ತಲೆಗೆ ಏನೂ ಆಗಲಿಲ್ಲ. ಇದನ್ನು ಅಮ್ಮನಿಗೆ ಹೇಳಿ.

ಉತ್ತರ 3: ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ತುರುಬು ಕಟ್ಟಿದವರಿಗೆ ಎಲ್ಲ ಹೆಲ್ಮೆಟ್ ಕೂರಲ್ಲ. ಐಎಸ್‌ಐ ಗುರುತು ನೋಡಿ, ಪಟ್ಟಿ ಬಿಗಿದು ನೋಡಿ.