ಅಕ್ಕ ಭಾವ ಅಮೆರಿಕಾದಿಂದ ತಂದ ಐಫೋನ್ ನಮ್ ಸಿಮ್ ತಗೊತಿಲ್ಲ, ಅನ್‌ಲಾಕ್ ಮಾಡ್ಸೋದು ಹೆಂಗೆ?

ಹಾಸನ್_ಹೈದ:
ಎಲ್ರಿಗೂ ನಮಸ್ಕಾರ. ನಮ್ಮಕ್ಕ ಭಾವ ಡಲ್ಲಾಸ್‌ನಲ್ಲಿರೋದು, ಹೋದ ತಿಂಗ್ಳು ಊರಿಗೆ ಬಂದಿದ್ರು, ಬರ್ತಾ ಭಾವ ತಾವು ಬಳಸ್ತಿದ್ದ ಐಫೋನ್ 13 ಅಮ್ಮಂಗೆ ಅಂತ ತಂದ್ಕೊಟ್ರು. ಅವ್ರಿದ್ದಾಗ ಮನೆ ವೈಫೈನಲ್ಲೇ ವಾಟ್ಸಾಪು ಯೂಟ್ಯೂಬು ಅಂತ ಚೆನ್ನಾಗೇ ನಡೀತಿತ್ತು, ಯಾರಿಗೂ ಸಿಮ್ ಹಾಕಿ ನೋಡೋಣ ಅಂತ ಅನ್ನಿಸ್ಲೇ ಇಲ್ಲ ನೋಡಿ. ಅವ್ರನ್ನ ಫ್ಲೈಟ್ ಹತ್ತಿಸಿ ಬಂದು ಅಮ್ಮನ ಸಿಮ್ ಹಾಕಿದ್ರೆ ಸಿಮ್ ನಾಟ್ ಸಪೋರ್ಟೆಡ್ ಅಂತ ಬರ್ತಿದೆ, ನನ್ ಸಿಮ್ ಹಾಕಿದ್ರೂ ಅದೇ, ಪಕ್ಕದ್ಮನೆಯವ್ರದ್ದು ಬೇರೆ ಕಂಪನಿ ಸಿಮ್ ಹಾಕಿದ್ರೂ ಅದೇ ರಾಗ. ಇಲ್ಲೊಬ್ಬ ಅಂಗಡಿಯವನು ಸಾಫ್ಟ್‌ವೇರ್ ಹೊಡೆದು ಕೊಡ್ತೀನಿ 3,500 ಆಗುತ್ತೆ ಅಂದ, 500 ಅಡ್ವಾನ್ಸ್ ಕೊಟ್ಟು ಬಂದಿದೀನಿ, ಫೋನ್ ಮಾತ್ರ ಇನ್ನೂ ಕೊಟ್ಟಿಲ್ಲ. ಕೊಡ್ಲಾ ಬೇಡ್ವಾ? ಅಮ್ಮಂಗೆ ಪಾಸ್‌ವರ್ಡ್ ಎಲ್ಲಾ ಗೊತ್ತು, ಆ ಲಾಕ್ ಅಲ್ಲ ಇದು.

ಮಂಡ್ಯ_ಮೊಬೈಲ್:
ಕೊಡ್ಬೇಡಿ ಗುರು. ಹದಿನೈದು ವರ್ಷದಿಂದ ರಿಪೇರಿ ಮಾಡ್ತಿರೋನು ನಾನು, ನಮ್ ಲೈನ್‌ನೋರ ಹೊಟ್ಟೆ ಮೇಲೆ ಹೊಡೀತಿದೀನಿ ಅಂದ್ಕೊಂಡ್ರೂ ಪರವಾಗಿಲ್ಲ, ಐಫೋನ್ ನೆಟ್‌ವರ್ಕ್ ಲಾಕ್‌ನ ಸಾಫ್ಟ್‌ವೇರ್ ಹೊಡೆದು ತೆಗೆಯಕ್ಕಾಗಲ್ಲ. ಆ ಲಾಕ್ ಇರೋದು ನಿಮ್ ಫೋನೊಳಗಲ್ಲ, ಆಪಲ್ ಸರ್ವರ್‌ನಲ್ಲಿ. ಫೋನ್ ಆಕ್ಟಿವೇಟ್ ಆಗುವಾಗ ತನ್ನ ಐಎಂಇಐ ನಂಬರ್, ಅಂದ್ರೆ ಪ್ರತಿ ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರ್, ಅಲ್ಲಿಗೆ ಕಳಿಸುತ್ತೆ, ಈ ಫೋನಿಗೆ ಇಂಥ ಕಂಪನಿ ಸಿಮ್ ಮಾತ್ರ ಅಂತ ಅಲ್ಲಿ ಬರ್ಕೊಂಡಿದ್ರೆ ನೀವು ಹತ್ತು ಸಲ ಫ್ಲಾಶ್ ಮಾಡಿದ್ರೂ ತಿರುಗಾ ಅದನ್ನೇ ಕೇಳುತ್ತೆ. ಆಪಲ್‌ನೋರೂ ತಾವಾಗಿ ತೆಗೆಯಲ್ಲ, ಫೋನ್ ಯಾವ ನೆಟ್‌ವರ್ಕ್ ಕಂಪನಿಗೆ ಲಾಕ್ ಆಗಿದ್ಯೋ ಅವ್ರು ಹೇಳಿದ್ರೇನೇ.

ಅಂಗಡಿಯೋನು ಮಾಡೋದು ಏನಪ್ಪಾ ಅಂದ್ರೆ, ಆರ್‌ಸಿಮ್ ಅಂತ ಕಾಗದದಷ್ಟು ತೆಳ್ಳಗಿರೋ ಒಂದು ಚಿಪ್ ಬರುತ್ತೆ, ಅದನ್ನ ಸಿಮ್ ಜೊತೆ ಟ್ರೇಗೆ ಕೂರಿಸಿ ಫೋನಿಗೆ ಮಂಕುಬೂದಿ ಎರಚ್ತಾನೆ. ಟವರ್ ಬರುತ್ತೆ, ನೀವು ಖುಷಿಯಾಗಿ ದುಡ್ಡು ಕೊಟ್ಟು ಬರ್ತೀರಾ. ಮುಂದೆ ಒಂದಿನ ಫೋನ್ ಅಪ್‌ಡೇಟ್ ಕೇಳುತ್ತೆ, ಅಮ್ಮ ಓಕೆ ಒತ್ತುತಾರೆ, ಮತ್ತೆ ಮೊದ್ಲಿನ ಕಥೆ. ಹಳೇ ಕಾಲದ ನೋಕಿಯಾ ಸ್ಯಾಮ್‌ಸಂಗ್‌ಗೆಲ್ಲಾ ಅನ್‌ಲಾಕ್ ಕೋಡ್ ಅಂತ ಇತ್ತು, ಆ ಕೋಡ್ ಹೊಡೆದ್ರೆ ಮುಗೀತು, ಆ ಕಾಲದಲ್ಲಿ ನಾವೂ ನಾಕು ಕಾಸು ನೋಡಿದೀವಿ ಬಿಡಿ.

ಆಸ್ಟಿನ್_ಅಕ್ಕಿರೊಟ್ಟಿ:
ಮಂಡ್ಯದವ್ರು ಹೇಳಿದ್ದು ಸರಿ. ನಾನಿರೋದೂ ಟೆಕ್ಸಾಸ್‌ನಲ್ಲೇ, ಪ್ರತಿ ಸಲ ಊರಿಗೆ ಬರುವಾಗ್ಲೂ ಯಾರಾದ್ರೂ ಒಬ್ರು ಈ ಪ್ರಶ್ನೆ ಕೇಳೇ ಕೇಳ್ತಾರೆ. ಮೊದ್ಲು ಫೋನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಜನರಲ್, ಅದ್ರೊಳಗೆ ಅಬೌಟ್, ಕೆಳಗೆ ಕ್ಯಾರಿಯರ್ ಲಾಕ್ ಅಂತಿರುತ್ತೆ ನೋಡಿ. ನೋ ಸಿಮ್ ರಿಸ್ಟ್ರಿಕ್ಷನ್ಸ್ ಅಂತಿದ್ರೆ ಅನ್‌ಲಾಕ್ ಆಗಿದೆ ಅಂತರ್ಥ, ಸಿಮ್ ಲಾಕ್ಡ್ ಅಂತಿದ್ರೆ ಇಲ್ಲ. ಅದೇ ಪೇಜಲ್ಲಿ ಐಎಂಇಐ ಕೂಡ ಇರುತ್ತೆ, ಅದನ್ನ ಭಾವಂಗೆ ವಾಟ್ಸಾಪ್ ಮಾಡಿ. ಮುಂದಿನದ್ದು ಅವ್ರ ಕೆಲ್ಸ, ನಿಮ್ದಲ್ಲ.

ಇಲ್ಲಿ ಏನಾಗುತ್ತೆ ಅಂದ್ರೆ ಫೋನ್ ಫ್ರೀ ಫ್ರೀ ಅಂತ ಕೊಡ್ತಾರೆ, ಆದ್ರೆ ನಿಜವಾಗಿ ಅದು ಕಂತು. ಎಟಿ ಅಂಡ್ ಟಿ ಅನ್ನೋ ಇಲ್ಲಿನ ನೆಟ್‌ವರ್ಕ್ ಕಂಪನಿ ಆದ್ರೆ 36 ತಿಂಗ್ಳು, ತಿಂಗಳಾ ತಿಂಗಳಾ ಬಿಲ್ಲಲ್ಲಿ ಕಂತು ಹಾಕ್ತಾರೆ ಅಷ್ಟನ್ನೇ ವಾಪಸ್ ಕಳೀತಾರೆ, ಅದಕ್ಕೆ ಫ್ರೀ ಅನ್ಸುತ್ತೆ. ಕಂತು ಪೂರ್ತಿ ತೀರೋವರೆಗೂ ಅನ್‌ಲಾಕ್ ಕೊಡಲ್ಲ. ಅದ್ರ ಜೊತೆಗೆ ಅವ್ರ ನೆಟ್‌ವರ್ಕಲ್ಲಿ ಒಟ್ಟು 60 ದಿನ ಬಳಸಿರ್ಬೇಕು, ಕಳ್ಳತನ ಆಗಿದ್ದು ಅಂತ ದೂರು ಇರ್ಬಾರ್ದು, ಅಷ್ಟೇ. ಅವ್ರ ಸೈಟಲ್ಲಿ ಅನ್‌ಲಾಕ್ ಪೇಜ್ ಇದೆ, ಐಎಂಇಐ ಹಾಕಿದ್ರೆ ಮೇಲ್ ಬರುತ್ತೆ, ಅದ್ರಲ್ಲಿರೋ ಲಿಂಕನ್ನ 24 ಗಂಟೆಯೊಳಗೆ ಒತ್ತಬೇಕು, ಇಲ್ಲಾಂದ್ರೆ ಮತ್ತೆ ಮೊದ್ಲಿಂದ. ಮೇಲ್ ಸ್ಪಾಮಲ್ಲಿ ಬಿದ್ದಿರುತ್ತೆ ಒಂದೊಂದ್ಸಲ, ನೋಡೋಕೆ ಹೇಳಿ. ದುಡ್ಡೇನೂ ಕೇಳಲ್ಲ. ಟಿ ಮೊಬೈಲ್ ಆದ್ರೆ ಪೋಸ್ಟ್‌ಪೇಯ್ಡ್‌ಗೆ 40 ದಿನ ಮತ್ತೆ ಕಂತು ತೀರಿರ್ಬೇಕು, ಪ್ರೀಪೇಯ್ಡ್ ಆಗಿದ್ರೆ ತುಂಬಾ ಜಾಸ್ತಿ ದಿನ ಕಾಯ್ಬೇಕು. ವೆರಿಜಾನ್‌ದು 2019ರಿಂದ ಸುಮಾರು ವರ್ಷ 60 ದಿನ ಆದ್ಮೇಲೆ ತಾನೇ ಅನ್‌ಲಾಕ್ ಆಗ್ತಿತ್ತು, ಕಂತು ಬಾಕಿ ಇದ್ರೂನೂ, ಹೊಸದಾಗಿ ತಗೊಂಡೋರು ಈಗಿನ ರೂಲ್ಸ್ ಏನಿದೆ ಅಂತ ನೋಡ್ಕೊಳ್ಳಿ.

2014ರಲ್ಲಿ ಒಬಾಮಾ ಇದ್ದಾಗ ಇದಕ್ಕೇ ಅಂತ ಒಂದು ಕಾನೂನು ಬಂತು, ಅದಕ್ಕೂ ಮೊದ್ಲು ನಮ್ ದುಡ್ಡಿನ ಫೋನ್ ನಾವೇ ಅನ್‌ಲಾಕ್ ಮಾಡ್ಕೊಂಡ್ರೂ ಕಾಪಿರೈಟ್ ಉಲ್ಲಂಘನೆ ಅನ್ನೋ ಪರಿಸ್ಥಿತಿ ಇತ್ತು ಅಂದ್ರೆ ನಗ್ತೀರಾ. ಕೆನಡಾದಲ್ಲಿ ನೋಡಿ, 2017 ಡಿಸೆಂಬರ್‌ನಿಂದ ಫೋನೆಲ್ಲಾ ಅನ್‌ಲಾಕ್ ಮಾಡೇ ಮಾರ್ಬೇಕು. ಜಪಾನಲ್ಲೂ 2021 ಅಕ್ಟೋಬರ್‌ನಿಂದ ಹಂಗೇ.

ಧಾರ್ವಾಡ್_ಪೇಡಾ:
ನಮ್ಮ ಕಡೆ ಈ ಲಾಕ್ ಗೀಕ್ ಏನಂಬೋದ ಮಂದಿಗೆ ಗೊತ್ತಿಲ್ರಿ, ಯಾಕಂದ್ರ ನಾವು ಅಂಗಡ್ಯಾಗ ಫೋನ್ ತಗೋತೀವಿ, ಸಿಮ್ ಬ್ಯಾರೆ ತಗೋತೀವಿ. ಜಿಯೋಫೋನ್ ನೋಡ್ರಿ ಹಂಗ ಇದ್ದದ್ದು, 2017ರಾಗ ಬಂದಿದ್ದು ಬಟನ್ ಫೋನು, ಅದಕ್ಕ ಬ್ಯಾರೆ ಸಿಮ್ ಹಾಕಾಕ ಬರ್ತಿದ್ದಿಲ್ಲ. ಅದಕ್ಕೂ ಮೊದಲ ರಿಲಯನ್ಸಿನ ಸಿಡಿಎಂಎ ಫೋನ್ ಇದ್ವು, ಅದ್ರಾಗ ಸಿಮ್ಮ ಇರ್ತಿದ್ದಿಲ್ಲ, ಲಾಕ್ ಎಲ್ಲಿಂದ ಬರ್ಬೇಕ್ರಿ.

ಒಂದ ಮಾತು ಮಾತ್ರ ಹೇಳ್ತೀನಿ, ನಮ್ಮ ಕಾಕಾನ ಮಗಗ ಆಗಿದ್ದು. ಅವನ ದೋಸ್ತ ಅಲ್ಲಿಂದ ಫೋನ್ ತಂದು ಅಗ್ಗಕ್ಕ ಕೊಟ್ಟ, ಆಮ್ಯಾಲ ಅಲ್ಲಿ ಕಂತ ಕಟ್ಟೋದ ಬಿಟ್ಟ. ಕಂಪನ್ಯವರು ಆ ಐಎಂಇಐ ಬ್ಲಾಕ್‌ಲಿಸ್ಟಿಗೆ ಹಾಕಿದ್ರು. ಈಗ ಬಾಕಿ ಎಲ್ಲಾ ತೀರಿಸೋ ತನಕಾ ಅನ್‌ಲಾಕ್ ಅನ್ನೋ ಮಾತೇ ಇಲ್ಲ, ದೋಸ್ತ ಫೋನ್ ಎತ್ತಂಗಿಲ್ಲ. ಫೋನ್ ಕಪಾಟಿನ್ಯಾಗ ಅದ, ಹುಡುಗ್ರು ಗೇಮ್ ಆಡ್ತಾವ. ನಿಮ್ಮ ಭಾವಗ ಕಂತ ಬಾಕಿ ಐತೇನು ಅಂತ ಮೊದಲ ಕೇಳ್ರಿ, ನಾಚ್ಕೋಬ್ಯಾಡ್ರಿ.

ಹಾಸನ್_ಹೈದ:
ಕೇಳ್ದೆ ಸಾರ್. ಸಿಮ್ ಲಾಕ್ಡ್ ಅಂತಲೇ ಇದೆ. ಕಂತು ನಾಕು ಬಾಕಿ ಇದ್ಯಂತೆ, ಭಾವಂಗೆ ಅದು ಕಂತು ಅನ್ನೋದೇ ಮರೆತು ಹೋಗಿತ್ತಂತೆ ಫ್ರೀ ಅಲ್ವಾ ಅಂತಿದ್ರು, ಅಕ್ಕ ಹಿಂದಿನಿಂದ ಬೈತಿದ್ಲು. ನಾಕೂ ಒಟ್ಟಿಗೆ ಕಟ್ಟಿದ್ರೆ ಆಗುತ್ತಾ? ಅಮ್ಮ ಬೇರೆ ದಿನಾ ಕೇಳ್ತಾರೆ ನನ್ ಫೋನ್ ಯಾವಾಗ ರಿಂಗ್ ಆಗುತ್ತೆ ಅಂತ.

ಆಸ್ಟಿನ್_ಅಕ್ಕಿರೊಟ್ಟಿ:
ಆಗುತ್ತೆ, ಆದ್ರೆ ಮುಂಚೆ ಕಟ್ಟಿಬಿಟ್ರೆ ಆ ತಿಂಗಳ ರಿಯಾಯ್ತಿ ನಿಂತೋಗ್ಬಹುದು, ಅಂದ್ರೆ ಫ್ರೀ ಅಂದಿದ್ದಕ್ಕೆ ಕೈಯಿಂದ ಕಟ್ಟಿದ ಹಾಗಾಗುತ್ತೆ. ಕಟ್ಟೋ ಮೊದ್ಲು ಕಸ್ಟಮರ್ ಕೇರ್‌ಗೆ ಒಂದು ಮಾತು ಕೇಳೋಕೆ ಹೇಳಿ. ನಾಕೇ ತಿಂಗ್ಳು ಅಂದ್ರೆ ನಾನಾಗಿದ್ರೆ ಕಾಯ್ತಿದ್ದೆ, ಅಮ್ಮಂಗೆ ಹಳೇ ಫೋನಿಂದ ಹಾಟ್‌ಸ್ಪಾಟ್ ಹಾಕ್ಕೊಟ್ಟು. ಅಮ್ಮ ಕಾಯಲ್ಲ ಅಂದ್ರೆ ಅದು ನಿಮ್ ಮನೆ ವಿಷ್ಯ.

ಮೈಸೂರ್‌ಪಾಕ್_77:
ಇದೇ ದಾರಕ್ಕೆ ನನ್ದೂ ಒಂದು ಪೋಣಿಸ್ತೀನಿ, ಬೈಕೋಬೇಡಿ. ನನ್ ತಂಗಿ ಐಫೋನ್ 15 ತರ್ತಿದಾಳೆ ಅಲ್ಲಿಂದ, ಅದ್ರಲ್ಲಿ ಸಿಮ್ ಹಾಕೋ ತೂತೇ ಇಲ್ವಂತೆ ನಿಜಾನಾ? ಮತ್ತೆ ಇನ್ನೊಬ್ರು ಸ್ಯಾಮ್‌ಸಂಗ್ ತರ್ಲಾ ಅಂತಿದಾರೆ.

ಮಂಡ್ಯ_ಮೊಬೈಲ್:
ನಿಜ ಮೇಡಂ, ಐಫೋನ್ 14ರಿಂದ ಅಮೆರಿಕಾದಲ್ಲಿ ಮಾರೋ ಐಫೋನ್‌ಗೆ ಟ್ರೇನೇ ಇಲ್ಲ, ಇಸಿಮ್ ಒಂದೇ, ಅಂದ್ರೆ ಫೋನೊಳಗೇ ಇರೋ ಚಿಪ್‌ಗೆ ಆನ್‌ಲೈನಲ್ಲೇ ನಂಬರ್ ಕೂರಿಸೋದು. ಜಿಯೋ ಏರ್‌ಟೆಲ್ ವಿಐ ಮೂರೂ ಇಸಿಮ್ ಕೊಡ್ತಾರೆ, ಅದ್ರ ಬಗ್ಗೆ ಯೋಚ್ನೆ ಬೇಡ, ಆದ್ರೆ ಲಾಕ್ ಆಗಿದ್ರೆ ಇಸಿಮ್ಮೂ ಕೂರಲ್ಲ. ಟ್ರೇನೇ ಇಲ್ದ ಮೇಲೆ ನಮ್ ಆರ್‌ಸಿಮ್ ಕಳ್ಳಾಟಾನೂ ನಡೆಯಲ್ಲ. ತಂಗಿಗೆ ಹೇಳಿ, ಹೊರಡೋ ಮೊದ್ಲೇ ಅನ್‌ಲಾಕ್ ಮಾಡಿಸ್ಕೊಂಡು ಆ ಕ್ಯಾರಿಯರ್ ಲಾಕ್ ಪೇಜಿನ ಸ್ಕ್ರೀನ್‌ಶಾಟ್ ಕಳ್ಸು ಅಂತ. ಹೊಸದಾಗಿ ಕೊಳ್ತಿದ್ರೆ ಪೂರ್ತಿ ದುಡ್ಡು ಕೊಟ್ಟು ಅನ್‌ಲಾಕ್ಡ್ ಅಂತಲೇ ಕೇಳಿ ತಗೊಳ್ಳಲಿ.

ಸ್ಯಾಮ್‌ಸಂಗ್ ಬೇಡ ಅಂತೀನಿ ನಾನು. ಅನ್‌ಲಾಕ್ ಆಗಿದ್ರೂ ಅಲ್ಲಿನ ಮಾಡೆಲ್‌ಗಳಲ್ಲಿ ಎಷ್ಟೋ ಸಲ ನಮ್ ನೆಟ್‌ವರ್ಕಿನ ವೋಲ್ಟಿ, ಅಂದ್ರೆ 4ಜಿ ಮೇಲೇ ಕಾಲ್ ಹೋಗೋ ವ್ಯವಸ್ಥೆ, ಆನ್ ಆಗಲ್ಲ. ಜಿಯೋಗೆ 2ಜಿ 3ಜಿ ಇಲ್ವಲ್ಲಾ, ವೋಲ್ಟಿ ಇಲ್ಲಾಂದ್ರೆ ನೆಟ್ ಓಡುತ್ತೆ, ಕಾಲ್ ಹೋಗಲ್ಲ. ನನ್ ಹತ್ರ ಅಂಥವು ಎರಡು ಬಂದ್ವು, ಎರಡಕ್ಕೂ ಏನೂ ಮಾಡಕ್ಕಾಗ್ದೆ ವಾಪಸ್ ಕಳಿಸ್ದೆ.

ಹಾಸನ್_ಹೈದ:
ಅಪ್‌ಡೇಟ್. ಭಾವ ಕಾಯೋದ್ ಬೇಡ ಅಂತ ನಾಕು ಕಂತೂ ಕಟ್ಟೇಬಿಟ್ರು, ಅನ್‌ಲಾಕ್ ಪೇಜಲ್ಲಿ ಐಎಂಇಐ ಹಾಕಿದ್ರು, ಮೇಲ್ ಸ್ಪಾಮಲ್ಲೇ ಇತ್ತು. ಎರಡು ದಿನಕ್ಕೆ ಅಪ್ರೂವ್ ಅಂತ ಬಂತು ಆದ್ರೆ ಫೋನಲ್ಲಿ ಇನ್ನೂ ಸಿಮ್ ಲಾಕ್ಡ್ ಅಂತಲೇ ತೋರಿಸ್ತಿತ್ತು, ಆಮೇಲೆ ಇಲ್ಲಿನ ಸಿಮ್ ಹಾಕಿ ವೈಫೈ ಆನ್ ಮಾಡಿ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ಮೇಲೆ ನೋ ಸಿಮ್ ರಿಸ್ಟ್ರಿಕ್ಷನ್ಸ್ ಬಂತು. ಡೇಟಾ ಎಲ್ಲಾ ಅಳಿಸ್ಬೇಕಾಗುತ್ತೇನೋ ಅಂದ್ಕೊಂಡಿದ್ದೆ, ಬೇಕಾಗ್ಲಿಲ್ಲ. ಮೊದ್ಲು ರಿಂಗ್ ಆಗಿದ್ದು ಲೋನ್ ಬೇಕಾ ಅಂತ, ಅಮ್ಮ ಐದು ನಿಮಿಷ ಮಾತಾಡಿದ್ರು.

ಅಂಗಡಿಯೋನು ಮಾತ್ರ 500 ವಾಪಸ್ ಕೊಡಲ್ಲ ಅಂತಿದಾನೆ, ಅದ್ರ ಬದ್ಲು ಟೆಂಪರ್ಡ್ ಗ್ಲಾಸು ಕವರ್ರು ತಗೊಂಡೋಗಿ ಅಂತಾನೆ. ತಗೊಳ್ಳಾ?

ಮಂಡ್ಯ_ಮೊಬೈಲ್:
ತಗೊಳ್ಳಿ ತಗೊಳ್ಳಿ. ಕವರ್ ಮಾತ್ರ 13ದೇ ಕೊಟ್ಟಿದಾನಾ ಅಂತ ನೋಡಿ, 12ದು ಕೊಟ್ರೆ ಕ್ಯಾಮರಾ ಹತ್ರ ಕೂರಲ್ಲ.