ಸೊಗದೆ ಬೇರು ಕುದಿಸೋದೋ, ನೆನೆಸೋದೋ

ಗುಂಪು: ಮನಿ ಮಂದಿ, ಕಲಬುರಗಿ

ಸಣ್ಣ ಕಾಕಾ: (ಫಾರ್ವರ್ಡ್, ಬೇರಿನ ಫೋಟೋ ಜೋಡಿ) ಸೊಗದೆ ಬೇರಿನ ಶರಬತ್ತು! 100 ಗ್ರಾಂ ಬೇರು 1 ಲೀಟರ್ ನೀರಲ್ಲಿ ಒಂದು ಗಂಟೆ ಕುದಿಸಿ, ಅರ್ಧ ಕೆಜಿ ಸಕ್ಕರೆ ಹಾಕಿ. ಬಿಸಿ ಇದ್ದಾಗಲೇ ಬಾಟಲಿ ಮುಚ್ಚಿ. ವರ್ಷವಿಡೀ ಕೆಡದು. ಶುಗರ್ ಇದ್ದವರಿಗೂ ಅಮೃತ.

ದೊಡ್ಡಮ್ಮ: ಮೊದ್ಲು ಫೋಟೋ ನೋಡ್ರಿ. ಗಡ್ಡದಂಗ ಎಳಿ ಎಳಿ ಇರೋದು ಲಾವಂಚ. ಸೊಗದೆ ಸಿಪ್ಪಿ ಕರಿಗಂದು, ಮ್ಯಾಲ ಅಡ್ಡಡ್ಡ ಬಿರುಕು. ಉಗುರಿನಿಂದ ಕೆರದ್ರ ವೆನಿಲಾದಂಥ ವಾಸನಿ ಬರಬೇಕು.

ಬೀದರ್ ಅತ್ತಿಗಿ: ತಾಸುಗಟ್ಲೆ ಕುದಿಸ್ಯಾರಲ್ಲ! ಆ ಪರಿಮಳ ಹಬಿ ಜೋಡಿ ಹಾರಿಹೋಗೋದು. ಅಡಗಿಮನಿ ಘಮ್ ಅಂದ್ರ ಪಾತ್ರಿಯಾಗ ಏನೂ ಉಳಿದಿಲ್ಲ ಅಂತ ಅರ್ಥ.

ಯಾದಗಿರಿ ಮಾವ: ಕುದಿಸಲಿಲ್ಲಂದ್ರ ಬಣ್ಣ ಎಲ್ಲಿಂದ ಬರ್ತದವ್ವಾ? ಬರೇ ನೆನೆಸಿದ್ದು ತೆಳ್ಳನ ಚಹಾ ಆಗ್ತದ.

ಬೀದರ್ ಅತ್ತಿಗಿ: ಎರಡೂ ಮಾಡ್ರಿ, ಆದ್ರ ಹಿಂದುಮುಂದು ಬ್ಯಾಡ. ಬೇರು ತೊಳದು, ನೆರಳಾಗ ಆರಿಸಿ, ಗುಂಡುಕಲ್ಲಿಲೆ ಮೆಲ್ಲಕ ಜಜ್ಜಿದ್ರ ಸಿಪ್ಪಿ ಬಿಡ್ತದ. ನಡುವಿನ ಕಟಗಿ ಒಗೀರಿ, ಅದರಾಗ ವಾಸನಿ ಇಲ್ಲ, ತೂಕ ಅಷ್ಟ. 100 ಗ್ರಾಂ ಸಿಪ್ಪಿಗಿ 600 ಮಿ.ಲೀ. ಕುದಿ ನೀರು ಹೊಯ್ದು, ಮುಚ್ಚಿ, ರಾತ್ರಿ ಇಡ್ರಿ. ಮುಂಜಾನಿ ಸೋಸಿದ್ರ ಸುಮಾರು 400 ಸಿಗ್ತದ. ಅರಬಿ ಹಿಂಡಬ್ಯಾಡ್ರಿ, ರಾಡಿ ಇಳೀತದ. ಉಳಿದ ಸಿಪ್ಪಿ ಬ್ಯಾರೆ ನೀರಾಗ 10 ನಿಮಿಷ ಕುದಿಸ್ರಿ, ಮಾವ ಕೇಳಿದ ಬಣ್ಣ ಇದರಾಗ ಬರ್ತದ. ಸೋಸಿದ ಮ್ಯಾಲ 600 ಮಿ.ಲೀ. ಇರೋ ಹಂಗ ನೋಡಿಕೊಂಡು, ಅದರಾಗ 2 ಕೆಜಿ ಸಕ್ಕರಿ, ಎರಡು ನಿಂಬಿಹಣ್ಣಿನ ರಸ ಹಾಕಿ ಒಂದು ಕುದಿ ತರ್ರಿ. ಒಲಿ ಆರಿಸಿದ ಮ್ಯಾಲ ಮೊದಲಿನ 400 ಕೂಡಸ್ರಿ.

ದೊಡ್ಡಮ್ಮ: ನಮ್ಮ ಮೇ ತಿಂಗಳ ಸೆಕಿಗಿ ಮಧ್ಯಾಹ್ನದ ತನ ನೆನಿಲಿಕ್ಕೆ ಬಿಟ್ರ ಹುಳಿ ಹೊಡೀತದ, ನೆನಪಿರ್ಲಿ.

ಸಣ್ಣ ಕಾಕಾ: 2 ಕೆಜಿ?! ಶರಬತ್ತೋ, ಜಿಲೇಬಿ ಪಾಕೋ?

ಬೀದರ್ ಅತ್ತಿಗಿ: ಆ ಸಕ್ಕರಿನೇ ಅದನ್ನ ಕಾಯೋದು. ನಿಮ್ಮ ಫಾರ್ವರ್ಡಿನ ನೀರು ಕುದ್ದು ಅರ್ಧ ಲೀಟರ್‌ಗಿ ಇಳಿದ್ರೂ ಸಕ್ಕರಿ ನೀರು ಸಮಸಮ. ನಾಕು ದಿನಕ್ಕ ಬುರುಗು, ಮುಚ್ಚಳ ಟಪ್ಪ್! ಮೂರರಾಗ ಎರಡು ಪಾಲು ಸಕ್ಕರಿ ಇರಬೇಕು. ಹಂಗಂತ ಎಳಿ ಪಾಕ ತಂದ್ರ ತಳಕ್ಕ ಕಲ್ಲುಸಕ್ಕರಿ ಕಟ್ಟತದ. ನಿಂಬಿ ಹಾಕೋದು ಅದಕ್ಕೇ, ಬರೇ ರುಚಿಗಲ್ಲ.

ಯಾದಗಿರಿ ಮಾವ: ಬಿಸಿ ಇದ್ದಾಗ ಮುಚ್ಚೋದೂ ತಪ್ಪು. ಹಬಿ ನೀರಾಗಿ ಪಾಕದ ಮ್ಯಾಲ ಹನೀತದ, ಮ್ಯಾಲಿನ ಪದರ ತೆಳ್ಳಗಾಗಿ ಬೂಸ್ಟು ಅಲ್ಲೇ ಹಿಡೀತದ. ಬೆಲ್ಲ ಹಾಕಿದ್ರ?

ದೊಡ್ಡಮ್ಮ: ಬೆಲ್ಲದ ವಾಸನಿ ಬೇರಿನದನ್ನ ನುಂಗ್ತದ.

ಬೀದರ್ ಅತ್ತಿಗಿ: ಒಪ್ಪಂಗಿಲ್ಲ ದೊಡ್ಡಮ್ಮ. ಅರ್ಧ ಬೆಲ್ಲ ನಡೀತದ, ಕರಗಿಸಿ ಸೋಸಬೇಕು ಅಷ್ಟ.

ದೊಡ್ಡಮ್ಮ: ಹಂಗಾದ್ರ ಪಾನಕ ಅನ್ನು, ಸೊಗದೆ ಅನಬ್ಯಾಡ.

ಯಾದಗಿರಿ ಮಾವ: ಶುಗರ್ ಮಾತು ಬಿಟ್ರಲ್ಲ. ಒಂದು ಗ್ಲಾಸಿಗಿ 30 ಮಿ.ಲೀ. ಪಾಕ ಅಂದ್ರ ಸುಮಾರು 26 ಗ್ರಾಂ ಸಕ್ಕರಿ. ಎಂಥ ಅಮೃತ ಅದು! ಆ ಸಾಲು ಮೊದಲ ಅಳಸು.

ಸಣ್ಣ ಕಾಕಾ: ಪೂರಾ ಡಿಲೀಟ್ ಮಾಡಿದೆ. ತಾಮ್ರದ ತಪ್ಪಲಿ ನಡೀತದೇನು?

ದೊಡ್ಡಮ್ಮ: ನಿಂಬಿ ಹಾಕ್ತೀಯಲ್ಲೋ, ತಾಮ್ರ ಹುಳಿಗಿ ಬಿಡ್ತದ. ಸ್ಟೀಲ್ ತಗೋ.