ವಾಚಿನ ಕೇಸ್: ಅಲ್ಯೂಮಿನಿಯಂ ಸಾಕಾ, ಸ್ಟೀಲಾ, ಟೈಟಾನಿಯಮ್ಮಾ?

ಶಿರಸಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಐಫೋನ್ ಇದೆ, ಜೊತೆಗೆ ಆ್ಯಪಲ್ ವಾಚ್ ತಗೊಳ್ಳಬೇಕು ಅಂತಿದ್ದೇನೆ. ಸೀರೀಸ್ 10 ಬಂದಾಗ ಅಲ್ಯೂಮಿನಿಯಂ ಕೇಸಿನದು 46,900 ರೂಪಾಯಿಯಿಂದ, ಟೈಟಾನಿಯಂದು 79,900 ರೂಪಾಯಿಯಿಂದ ಶುರುವಾಗಿತ್ತು. ಸೀರೀಸ್ 9ರ ಸ್ಟೀಲ್ ವಾಚ್ ಹಳೇ ಸ್ಟಾಕಿನಲ್ಲಿ ಒಂದು ಉಳಿದಿದೆ, ಬೆಲೆ ಇಳಿಸಿ ಕೊಡ್ತೇನೆ ಅಂತ ಅಂಗಡಿಯವರೊಬ್ಬರು ಹೇಳ್ತಿದ್ದಾರೆ. ನನ್ನದು ಅಡಿಕೆ ತೋಟ. ಮಣ್ಣಿನ ಕೆಲಸ, ಸೊಪ್ಪು ಹೊರುವುದು, ಪಂಪ್ ಬಿಚ್ಚುವುದು ಎಲ್ಲ ಇದೆ. ಅಡಿಕೆ ಬೇಯಿಸುವ ಕಾಲದಲ್ಲಿ ಕೈ ತುಂಬ ಚೊಗರು, ಅಂದರೆ ಬೇಯಿಸಿದಾಗ ಬಿಡುವ ಕಂದು ರಸ. ಎದೆಬಡಿತದ ಮೇಲೆ ಕಣ್ಣಿಡಿ ಅಂತ ಡಾಕ್ಟರು ಹೇಳಿದ್ದಾರೆ, ಹಾಗಾಗಿ ಕೆಲಸದ ಹೊತ್ತಿನಲ್ಲೂ ವಾಚ್ ಬಿಚ್ಚುವ ಹಾಗಿಲ್ಲ. ಮೂರರಲ್ಲಿ ಯಾವುದು ತಾಳುತ್ತದೆ? ಬಳಸಿದವರು ಹೇಳಿದರೆ ಉಪಕಾರ.

ಪೀಣ್ಯದಿಂದ

ಸರ್, ನಾನು ಮಷೀನ್ ಶಾಪಿನಲ್ಲಿ ಕೆಲಸ ಮಾಡುವವನು. ಈ ಮೂರೂ ಲೋಹ ನಮ್ಮ ಕೈಗೆ ಬರುತ್ತಲೇ ಇರುತ್ತವೆ. ವಾಚಿನಲ್ಲಿ ಅಲ್ಯೂಮಿನಿಯಂ, ಸ್ಟೀಲ್ ಎರಡನ್ನೂ ಕಟ್ಟಿದ್ದೇನೆ. ಟೈಟಾನಿಯಂದು ಮಗಳ ಕೈಯಲ್ಲಿದೆ.

ಮೊದಲು ಕೇಸ್ ಬಿಡಿ, ಗಾಜು ನೋಡಿ. ಆ್ಯಪಲ್‌ನಲ್ಲಿ ಅಲ್ಯೂಮಿನಿಯಂ ಕೇಸ್ ತಗೊಂಡರೆ ಮೇಲೆ ಬರುವುದು ಅಯಾನ್-ಎಕ್ಸ್ ಎಂಬ ಗಾಜು. ಸ್ಟೀಲ್ ಅಥವಾ ಟೈಟಾನಿಯಂ ತಗೊಂಡರೆ ಸಫೈರ್, ಅಂದರೆ ಕೃತಕ ನೀಲಮಣಿಯ ಹರಳು. ಜಾಸ್ತಿ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಕೆಲಸಕ್ಕೆ ಬರುವುದು ಈ ಗಾಜಿನಲ್ಲೇ ಅಂತ ನನ್ನ ಅಭಿಪ್ರಾಯ. ನಿಮ್ಮ ಕೆಲಸಕ್ಕಂತೂ ಇದೇ ಮುಖ್ಯ.

ಯಾಕೆ ಅಂದರೆ ತೋಟದ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚು 7, ಸಫೈರ್ 9. ಮಾಮೂಲಿ ಗಾಜು 6ರ ಆಸುಪಾಸು. ಯಾವುದರ ಅಂಕಿ ಜಾಸ್ತಿಯೋ ಅದು ಕಡಿಮೆಯದನ್ನು ಗೀರುತ್ತದೆ. ಕೆಲಸ ಮುಗಿಸಿ ಬಂದು, ಕೆಸರು ಒಣಗಿದ ವಾಚನ್ನು ಪಂಚೆಯ ತುದಿಯಲ್ಲಿ ಉಜ್ಜಿ ಒರೆಸುತ್ತೇವೆ ನೋಡಿ, ಗಾಜಿನ ಮೇಲಿನ ಕೂದಲೆಳೆಯಂಥ ಗೀರುಗಳು ಬೀಳುವುದು ಅಲ್ಲೇ. ಸಫೈರ್‌ಗೆ ಆ ತೊಂದರೆ ಇಲ್ಲ. ಹಾಗಂತ ಸಫೈರ್ ಒಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗೀರು ಬೀಳದಿರುವುದು ಬೇರೆ, ಏಟು ತಾಳುವುದು ಬೇರೆ. ಸಫೈರ್ ಗಡಸು, ಆದರೆ ಬಾಗುವ ಗುಣ ಇಲ್ಲ. ಕಪ್ಪು ಕಲ್ಲಿನ ಚಪ್ಪಡಿ ಮೇಲೆ ಅಂಚು ಕೆಳಗಾಗಿ ಬಿದ್ದರೆ ಸೀಳಿಬಿಡಬಹುದು.

ಈಗ ಲೋಹಕ್ಕೆ ಬರೋಣ. ಅಲ್ಯೂಮಿನಿಯಂ ಮೆದು. ಅದಕ್ಕೇ ಮೇಲೆ ಆನೋಡೈಸ್ ಮಾಡುತ್ತಾರೆ, ಅಂದರೆ ಮೇಲ್ಮೈಯನ್ನೇ ಗಡಸು ಆಕ್ಸೈಡ್ ಪದರವಾಗಿ ಬೆಳೆಸಿ ಬಣ್ಣ ಕುಡಿಸುತ್ತಾರೆ. ಪದರ ಗಟ್ಟಿಯೇ, ಆದರೆ ತುಂಬಾ ತೆಳು. ಸುಮ್ನೆ ಉಜ್ಜಿದರೆ ಏನೂ ಆಗುವುದಿಲ್ಲ. ಪಂಪಿನ ಫ್ಲಾಂಜ್ ಅಂಚಿಗೆ ಜೋರಾಗಿ ತಾಗಿತು ಅಂದುಕೊಳ್ಳಿ, ಒಳಗಿನ ಮೆದು ಲೋಹ ತಗ್ಗುತ್ತದೆ, ಮೇಲಿನ ಪದರ ಬಿರಿಯುತ್ತದೆ, ಬೆಳ್ಳಿ ಬಣ್ಣದ ಚುಕ್ಕೆ ಕಾಣುತ್ತದೆ. ಕಪ್ಪು ಕೇಸಿನಲ್ಲಿ ಅದು ದೂರದಿಂದಲೇ ಗೊತ್ತಾಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ತಗೊಳ್ಳುವುದಾದರೆ ಬೆಳ್ಳಿ ಬಣ್ಣದ್ದೇ ತಗೊಳ್ಳಿ. ಜೆಟ್ ಬ್ಲ್ಯಾಕ್ ಅಂಗಡಿಯಲ್ಲಿ ಬಹಳ ಚೆಂದ ಕಾಣುತ್ತದೆ, ತೋಟಕ್ಕೆ ಬೇಡ.

ಸ್ಟೀಲ್ ಅಂದರೆ ಇಲ್ಲಿ 316ಎಲ್ ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಕ್ರೋಮಿಯಂ, ನಿಕಲ್ ಜೊತೆಗೆ 2ರಿಂದ 3 ಪರ್ಸೆಂಟ್ ಮಾಲಿಬ್ಡಿನಂ ಇರುತ್ತದೆ. ಬೆವರು, ಉಪ್ಪುನೀರಿಗೆ ಚುಕ್ಕೆ ಚುಕ್ಕೆಯಾಗಿ ತಿನ್ನದಂತೆ ಕಾಯುವುದು ಅದೇ. ಹೊಳಪಿನ ಸ್ಟೀಲಿಗೆ ಗೀರು ಬೀಳುವುದಿಲ್ಲವಾ? ಬೀಳುತ್ತದೆ, ಬೇಗನೇ ಬೀಳುತ್ತದೆ. ಆದರೆ ಲೇಪನ ಇಲ್ಲದ ಬೆಳ್ಳಿ ಬಣ್ಣದ ಸ್ಟೀಲನ್ನು ಪಾಲಿಶ್ ಬಟ್ಟೆಯಲ್ಲಿ ಮತ್ತೆ ಉಜ್ಜಿ ಹೊಳಪಿಗೆ ತರಬಹುದು. ಮೂರರಲ್ಲಿ ಹೀಗೆ ಮನೆಯಲ್ಲೇ ಸುಲಭವಾಗಿ ಸರಿಮಾಡಿಕೊಳ್ಳಬಹುದಾದದ್ದು ಇದೊಂದೇ. ಗ್ರಾಫೈಟ್, ಚಿನ್ನದ ಬಣ್ಣದ ಸ್ಟೀಲಿಗೆ ಮಾತ್ರ ಈ ಕೆಲಸ ಮಾಡಲೇಬೇಡಿ, ಬಣ್ಣವೇ ಹೋಗುತ್ತದೆ.

ಸ್ಟೀಲಿನ ತೊಂದರೆ ತೂಕ. ಒಂದು ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ, ಟೈಟಾನಿಯಂ 4.5, ಸ್ಟೀಲ್ ಹತ್ತಿರ ಹತ್ತಿರ 8. ಸೀರೀಸ್ 9ರ 45 ಮಿಲಿಮೀಟರ್ ವಾಚಿನಲ್ಲಿ ಅಲ್ಯೂಮಿನಿಯಂದು ಸುಮಾರು 39 ಗ್ರಾಂ, ಸ್ಟೀಲಿನದು 51.5. ಸೀರೀಸ್ 10ರ 46 ಮಿಲಿಮೀಟರಿನಲ್ಲಿ ಅಲ್ಯೂಮಿನಿಯಂ 36.4, ಟೈಟಾನಿಯಂ 41.7. ನಡೆಯುವಾಗ ಇದು ಗೊತ್ತಾಗುವುದಿಲ್ಲ. ಕೈ ಬೀಸಿ ಕೆಲಸ ಮಾಡುವಾಗ ಸ್ಟೀಲ್ ವಾಚ್ ಮಣಿಕಟ್ಟಿನ ಮೇಲೆ ಜಾರಾಡುತ್ತದೆ. ಜಾರಾಡಿದರೆ ಎದೆಬಡಿತದ ಲೆಕ್ಕವೂ ತಪ್ಪುತ್ತದೆ, ಅದನ್ನು ನೀವು ಗಮನಿಸಲೇಬೇಕು. ಬೆಲ್ಟ್ ಒಂದು ತೂತು ಬಿಗಿ ಕಟ್ಟಿದರೆ ಸರಿಹೋಗುತ್ತದೆ.

ಟೈಟಾನಿಯಂ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ. ನಮ್ಮಲ್ಲಿ ಅದನ್ನು ಕಡಿಯುವಾಗ ಕೂಲೆಂಟ್ (ತಂಪು ಮಾಡುವ ದ್ರವ) ಸ್ವಲ್ಪ ತಪ್ಪಿದರೂ ಟೂಲಿನ ತುದಿ ಸುಟ್ಟು ನೀಲಿಯಾಗುತ್ತದೆ. ಬಿಸಿ ಲೋಹದೊಳಗೆ ಹರಿದು ಹೋಗುವುದೇ ಇಲ್ಲ, ಕಡಿಯುವ ಜಾಗದಲ್ಲೇ ನಿಲ್ಲುತ್ತದೆ. ಅದೇ ಗುಣದಿಂದ ಚಳಿಗಾಲದ ಬೆಳಿಗ್ಗೆ ಟೈಟಾನಿಯಂ ವಾಚ್ ಕೈಗೆ ತಣ್ಣಗೆ ಕೊರೆಯುವುದಿಲ್ಲ. ಬೆವರಿಗೆ, ಉಪ್ಪಿಗೆ ಅದು ಜಗ್ಗುವುದೇ ಇಲ್ಲ. ಗೀರು ಬೀಳುತ್ತದೆ, ಅದನ್ನೂ ಹೇಳಿಬಿಡ್ತೇನೆ. ಮಗಳ ವಾಚಿನ ಅಂಚಿನಲ್ಲಿ ಬೆಳಕಿಗೆ ಹಿಡಿದರೆ ಗೀರುಗಳು ಕಾಣುತ್ತವೆ.

ಹೊನ್ನಾವರದಿಂದ

ಪೀಣ್ಯದವರು ಹೇಳಿದ್ದಕ್ಕೆ ಕರಾವಳಿಯ ಮಾತು ಸೇರಿಸ್ತೇನೆ. ನಮ್ಮದು ಮೀನಿನ ವ್ಯವಹಾರ, ಉಪ್ಪುನೀರು ತಪ್ಪಿದ್ದಲ್ಲ. ಅಲ್ಯೂಮಿನಿಯಂ ವಾಚ್ ಉಪ್ಪಿಗೆ ಹಾಳಾಗುತ್ತದೆ ಅಂತ ಬಹಳ ಜನ ಹೆದರಿಸಿದ್ದರು. ಪದರ ಸರಿ ಇರುವ ತನಕ ಏನೂ ಆಗಲಿಲ್ಲ. ದೋಣಿಯ ಕಂಬಿಗೆ ತಾಗಿ ಒಂದು ಕಡೆ ಚಕ್ಕೆ ಎದ್ದ ಮೇಲೆ, ಆ ಚುಕ್ಕೆಯಲ್ಲಿ ಮಾತ್ರ ಬಿಳಿ ಪುಡಿಯಂಥದು ಕಟ್ಟಿಕೊಳ್ಳಲು ಶುರುವಾಯಿತು. ಉಳಿದ ಕೇಸ್ ಇವತ್ತಿಗೂ ಚೆನ್ನಾಗಿದೆ. ದಿನಾ ಸಂಜೆ ಸಿಹಿನೀರಿನಲ್ಲಿ ತೊಳೆದು ಒಣಗಿಸ್ತೇನೆ. ಸೋಪು ಹಾಕುವುದಿಲ್ಲ. ಬೆಲ್ಟ್ ಕಳಚಿ ಅದು ಕೂರುವ ಸಂದನ್ನೂ ತೊಳೆಯಿರಿ, ಉಪ್ಪು ಕೂರುವುದು ಅಲ್ಲೇ.

ಇನ್ನೊಂದು ವಿಷಯ. ಸೋವಿ ವಾಚ್‌ಗಳ ಡಬ್ಬಿ ಮೇಲೆ ‘ಮೆಟಲ್ ಬಾಡಿ’ ಅಂತ ಬರೆದಿರುತ್ತದೆ. ಎಷ್ಟೋ ಸಲ ಅದು ಸತುವಿನ ಮಿಶ್ರಲೋಹ, ಮೇಲೆ ಬಣ್ಣದ ಲೇಪನ. ತಮ್ಮ ತಂದಿದ್ದ ಅಂಥದೊಂದು ವಾಚಿನ ಲೇಪನ ಮಣಿಕಟ್ಟಿನ ಕಡೆಯಿಂದ ಸುಲಿದು ಹೋಯಿತು. ಯಾವ ಲೋಹ ಅಂತ ಹೆಸರು ಹೇಳದೆ ಬರೀ ಮೆಟಲ್ ಅಂದರೆ ಕೇಳಿ ತಿಳಿದುಕೊಂಡೇ ತಗೊಳ್ಳಿ.

ಮೈಸೂರಿನಿಂದ

ನಾನು ನರ್ಸ್. ಚರ್ಮದ ವಿಷಯ ಯಾರೂ ಹೇಳಲಿಲ್ಲ, ಹೇಳಿಬಿಡ್ತೇನೆ. ನಿಮಗೆ ಆರ್ಟಿಫಿಶಿಯಲ್ ಸರ, ಪ್ಯಾಂಟಿನ ಗುಂಡಿ, ಬೆಲ್ಟಿನ ಬಕಲ್ ತಾಗಿದ ಕಡೆ ಕಡಿತ ಬರುತ್ತಾ? ಬಂದರೆ ನಿಕಲ್ ಅಲರ್ಜಿ ಇರಬಹುದು. 316ಎಲ್ ಸ್ಟೀಲಿನಲ್ಲಿ 10ರಿಂದ 14 ಪರ್ಸೆಂಟ್ ನಿಕಲ್ ಇದೆ. ಹೊರಗೆ ಬಿಡುವುದು ಬಹಳ ಕಡಿಮೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅಲರ್ಜಿ ಜೋರಾಗಿ ಇರುವವರು ಮಾತ್ರ ಟೈಟಾನಿಯಂ ಯೋಚಿಸಬಹುದು. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳಲ್ಲೂ ಅದನ್ನೇ ಬಳಸುತ್ತಾರೆ. ಸೀರೀಸ್ 9ರಲ್ಲಿ ವಾಚಿನ ಬೆನ್ನು ಸೆರಾಮಿಕ್ ಮತ್ತು ಸಫೈರ್. ಸೀರೀಸ್ 10ರಲ್ಲಿ ಬೆನ್ನೂ ಲೋಹದ್ದೇ. ಅಂದರೆ ಹೊಸದರಲ್ಲಿ ಲೋಹ ನೇರವಾಗಿ ಚರ್ಮಕ್ಕೆ ತಾಗುತ್ತದೆ.

ಆದರೆ ನಾನು ನೋಡಿದ ತುರಿಕೆಗಳಲ್ಲಿ ಜಾಸ್ತಿ ಲೋಹದಿಂದ ಬಂದದ್ದಲ್ಲ. ಬೆಲ್ಟಿನ ಅಡಿಯಲ್ಲಿ ನಿಂತ ಬೆವರು, ಸೋಪಿನ ಅಂಶ. ರಾತ್ರಿ ಸ್ವಲ್ಪ ಹೊತ್ತು ಬಿಚ್ಚಿ, ಕೈಗೆ ಗಾಳಿ ಆಡಲಿ.

ಧಾರವಾಡದಿಂದ

ಎಲ್ಲರೂ ಲೋಹದ ಬಗ್ಗೆನೇ ಮಾತಾಡ್ತಿದ್ದೀರಿ. ನಾನು ಓಡುವವನು, ಕಟ್ಟುವುದು ಗಾರ್ಮಿನ್ ಫೋರ್‌ರನ್ನರ್ 255. ಕೇಸ್ ಫೈಬರ್ ಸೇರಿಸಿದ ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಬೆಲ್ಟ್ ಸೇರಿ 49 ಗ್ರಾಂ. ಬಂಡೆಗೆ ತಾಗಿದೆ, ಗೇಟಿಗೆ ತಾಗಿದೆ. ಪ್ಲಾಸ್ಟಿಕ್ ತಗ್ಗುವುದಿಲ್ಲ, ಬಣ್ಣ ಒಳಗಿನ ತನಕ ಒಂದೇ, ಹಾಗಾಗಿ ಗೀರು ಕಣ್ಣಿಗೆ ಬೀಳುವುದೂ ಕಡಿಮೆ. ಐಫೋನಿಗೂ ಹೊಂದುತ್ತದೆ, ಚಾರ್ಜ್ ದಿನಗಟ್ಟಲೆ ಬರುತ್ತದೆ. ಪ್ಲಾಸ್ಟಿಕ್ ಅಂತ ಬದಿಗೆ ಸರಿಸಬೇಡಿ, ಹೊಲ ತೋಟದ ಕೆಲಸಕ್ಕೆ ಅದು ಒಳ್ಳೆಯ ಆಯ್ಕೆ.

ಅಲ್ಯೂಮಿನಿಯಂ ಅಂದರೆ ಸಫೈರ್ ಸಿಗುವುದೇ ಇಲ್ಲ ಅಂತಲೂ ಅಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 5ರಿಂದ ಅಲ್ಯೂಮಿನಿಯಂ ಕೇಸಿಗೂ ಸಫೈರ್ ಕೊಟ್ಟಿದ್ದಾರೆ. ಅದು ಐಫೋನಿಗೆ ಜೋಡಿಯಾಗುವುದಿಲ್ಲ, ನಿಮಗೆ ಉಪಯೋಗಕ್ಕೆ ಬರಲ್ಲ. ಆಂಡ್ರಾಯ್ಡ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿಟ್ಟುಕೊಳ್ಳಿ.

ಸ್ಯಾನ್ ಹೋಸೆಯಿಂದ

ನಾನು ಮಂಡ್ಯದವಳು, ಈಗ ಇಲ್ಲಿದ್ದೇನೆ. ಹೆಚ್ಚು ದುಡ್ಡು ಹಾಕುವ ಮುಂಚೆ ವರ್ಷಗಳ ಲೆಕ್ಕ ಹಾಕಿ. 2015ರಲ್ಲಿ ಆ್ಯಪಲ್ ಮೊದಲ ವಾಚನ್ನು 18 ಕ್ಯಾರೆಟ್ ಚಿನ್ನದ ಕೇಸಿನಲ್ಲೂ ಮಾರಿತ್ತು, ಬೆಲೆ 10,000 ಡಾಲರಿನಿಂದ ಶುರು. 2018ರ ವಾಚ್‌ಓಎಸ್ 5 ಎಂಬ ಹೊಸ ಸಾಫ್ಟ್‌ವೇರ್ ಆ ವಾಚಿಗೆ ಬರಲೇ ಇಲ್ಲ. ಚಿನ್ನಕ್ಕೆ ಏನೂ ಆಗಿರಲಿಲ್ಲ, ಒಳಗಿನದು ಹಳೆಯದಾಗಿತ್ತು. ಬ್ಯಾಟರಿಯೂ ಹಾಗೇ. 1,000 ಸಲ ಪೂರ್ತಿ ಚಾರ್ಜ್ ಆದ ಮೇಲೂ 80 ಪರ್ಸೆಂಟ್ ಶಕ್ತಿ ಉಳಿಯುವಂತೆ ಮಾಡಿರುತ್ತೇವೆ ಅಂತ ಆ್ಯಪಲ್ ಹೇಳುತ್ತದೆ. ದಿನಾ ಚಾರ್ಜ್ ಹಾಕುವವರಿಗೆ ಅದು ಮೂರು ವರ್ಷದ ಹತ್ತಿರ. ನಮ್ಮ ಅಪ್ಪನ ಎಚ್‌ಎಂಟಿ ವಾಚಿನ ಸ್ಟೀಲ್ ಕೇಸ್ ತಲೆಮಾರು ಕಂಡಿತು, ಕೀಲಿ ಕೊಟ್ಟರೆ ನಡೆಯಿತು. ಸ್ಮಾರ್ಟ್‌ವಾಚಿನಲ್ಲಿ ಕೇಸ್ ಅಷ್ಟು ಕಾಲ ತಾಳಿದರೂ ಒಳಗಿನದು ತಾಳುವುದಿಲ್ಲ. ಹಾಗಾಗಿ ಐದು ವರ್ಷ ಚೆನ್ನಾಗಿ ಇರಬೇಕು ಅಂತ ಮಾತ್ರ ಯೋಚಿಸಿ, ಶಾಶ್ವತಕ್ಕೆ ದುಡ್ಡು ಕೊಡಬೇಡಿ.

ಇನ್ನೊಂದು, ಇದು ನಿಮ್ಮ ಎದೆಬಡಿತದ ಮಾತು ಕೇಳಿದ್ದಕ್ಕೆ ಹೇಳ್ತಿದ್ದೇನೆ. ಸ್ಟೀಲ್, ಟೈಟಾನಿಯಂ ವಾಚ್‌ಗಳು ಬರುವುದೇ ಸೆಲ್ಯುಲಾರ್ ಸಮೇತ, ಅಂದರೆ ಫೋನ್ ಹತ್ತಿರ ಇಲ್ಲದಿದ್ದರೂ ವಾಚೇ ಮೊಬೈಲ್ ನೆಟ್‌ವರ್ಕ್ ಹಿಡಿಯುತ್ತದೆ. ಜಾಸ್ತಿ ಬೆಲೆಯಲ್ಲಿ ಅದೂ ಸೇರಿದೆ. ಜೋರಾಗಿ ಬಿದ್ದು ಒಂದು ನಿಮಿಷದಷ್ಟು ಅಲುಗಾಡದೆ ಇದ್ದರೆ ವಾಚ್ ತಾನೇ ತುರ್ತು ಕರೆ ಮಾಡುತ್ತದೆ. ಫೋನ್ ಮನೆಯಲ್ಲಿ ಬಿಟ್ಟು ತೋಟಕ್ಕೆ ಇಳಿದಾಗ ಆ ಕರೆ ಹೋಗಬೇಕು ಅಂದರೆ ವಾಚಿಗೇ ನೆಟ್‌ವರ್ಕ್ ಬೇಕು. ವಯಸ್ಸು 55 ದಾಟಿದ್ದರೆ ಈ ಸೌಲಭ್ಯ ತಾನಾಗಿ ಆನ್ ಆಗಿರುತ್ತದೆ, ಇಲ್ಲದಿದ್ದರೆ ಸೆಟ್ಟಿಂಗ್‌ನಲ್ಲಿ ನೀವೇ ಆನ್ ಮಾಡಬೇಕು. ಅಲ್ಯೂಮಿನಿಯಂನಲ್ಲೂ ಸೆಲ್ಯುಲಾರ್ ಮಾಡೆಲ್ ಸಿಗುತ್ತದೆ.

ಶಿರಸಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೀಳುವ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ತೋಟದ ಮೇಲ್ಭಾಗದಲ್ಲಿ ಜಿಯೋ ಸಿಗುತ್ತದೆ, ಕೆಳಗೆ ಹಳ್ಳದ ಹತ್ತಿರ ಯಾವುದೂ ಇಲ್ಲ. ನಿಕಲ್ ಅಲರ್ಜಿ ಇಲ್ಲ. ಹಾಗಾದರೆ ಅಲ್ಯೂಮಿನಿಯಂ ತಗೊಂಡು ಮೇಲೆ ರಬ್ಬರ್ ಕವರ್ ಹಾಕಿದರೆ ಆಗಲ್ವಾ? ಅಥವಾ ಆ ಹಳೇ ಸ್ಟಾಕಿನ ಸ್ಟೀಲೇ ತಗೊಳ್ಳಲಾ?

ಪೀಣ್ಯದಿಂದ

ಕವರ್ ಬೇಡ ಸರ್. ಕವರಿಗೂ ಕೇಸಿಗೂ ನಡುವೆ ಮರಳಿನ ಪುಡಿ ಸೇರಿಕೊಳ್ಳುತ್ತದೆ. ಕೈ ಆಡಿದ ಹಾಗೆಲ್ಲ ಅದು ಒಳಗೇ ಉಜ್ಜುತ್ತದೆ. ಕೆಲವು ತಿಂಗಳ ನಂತರ ಕವರ್ ತೆಗೆದರೆ ಕೇಸಿನ ಅಂಚೆಲ್ಲ ಮಂಕಾಗಿರುತ್ತದೆ. ಹಾಕಲೇಬೇಕು ಅಂದರೆ ಪ್ರತಿ ದಿನ ತೆಗೆದು ತೊಳೆಯಬೇಕು. ಗಾಜಿಗೆ ಮಾತ್ರ ತೆಳು ಫಿಲ್ಮ್ ಅಂಟಿಸಿದರೆ ಸಾಕು, ಗೀರಾದಾಗ ಕಿತ್ತು ಹೊಸದು ಹಾಕಬಹುದು.

ನಾನಾಗಿದ್ದರೆ ಹೀಗೆ ಮಾಡ್ತಿದ್ದೆ. ಆ ಸ್ಟೀಲ್ ವಾಚ್ ಬೆಳ್ಳಿ ಬಣ್ಣದ್ದಾಗಿದ್ದು, ಬೆಲೆ ಟೈಟಾನಿಯಂಗಿಂತ ಚೆನ್ನಾಗಿ ಕೆಳಗಿದ್ದರೆ ಕಣ್ಣುಮುಚ್ಚಿ ಅದೇ. ಸಫೈರ್ ಇದೆ, ಸೆಲ್ಯುಲಾರ್ ಇದೆ, ಉಜ್ಜಿದರೆ ಹೊಳಪು ಬರುತ್ತದೆ. ತೂಕ ಒಂದನ್ನು ಒಗ್ಗಿಸಿಕೊಳ್ಳಬೇಕು. ಬೆಲೆ ಹೆಚ್ಚು ಇಳಿಸದಿದ್ದರೆ ಅಲ್ಯೂಮಿನಿಯಂ ಸೆಲ್ಯುಲಾರ್, ಬೆಳ್ಳಿ ಬಣ್ಣ, ಮೇಲೊಂದು ಫಿಲ್ಮ್. ಟೈಟಾನಿಯಂ ಅತ್ಯುತ್ತಮ ಲೋಹ, ಆದರೆ ನಿಮಗೆ ಅಲರ್ಜಿ ಇಲ್ಲ, ಸ್ಟೀಲಿನಲ್ಲಿರುವ ಅದೇ ಗಾಜು ಅದರಲ್ಲೂ ಇರುವುದು. ಅಷ್ಟು ದುಡ್ಡು ಅದಕ್ಕೆ ಬೇಕಾಗಿಲ್ಲ ಅನ್ನಿಸುತ್ತದೆ.

ಹಳೇ ಸ್ಟಾಕ್ ತಗೊಳ್ಳುವ ಮುಂಚೆ ಸೀಲ್ ನೋಡಿ. ಸೀರೀಸ್ 9 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಡಬ್ಬಿಯಲ್ಲೇ ಬಹಳ ಕಾಲ ಕೂತ ಬ್ಯಾಟರಿ. ಅಂಗಡಿಯಲ್ಲೇ ಆನ್ ಮಾಡಿಸಿ, ಬ್ಯಾಟರಿ ಹೆಲ್ತ್ ಎಷ್ಟು ತೋರಿಸುತ್ತದೆ ನೋಡಿ. ವಾರಂಟಿ ಯಾವ ದಿನದಿಂದ ಶುರು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸಾಗರದಿಂದ

ನಮ್ಮದೂ ಅಡಿಕೆ ತೋಟ. ಚೊಗರಿನ ಬಗ್ಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ. ಕೇಸಿಗೆ ಏನೂ ಆಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಿದರೆ ಹೋಗುತ್ತದೆ. ಕಲೆ ಕೂರುವುದು ಬೆಲ್ಟಿನ ಮೇಲೆ. ತಿಳಿ ಬಣ್ಣದ ಸಿಲಿಕಾನ್ ಬೆಲ್ಟ್ ಒಂದೇ ಹಂಗಾಮಿನಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ಬಟ್ಟೆಯ ಬೆಲ್ಟ್ ಇನ್ನೂ ಕಷ್ಟ, ಚೊಗರು ಕುಡಿದು ಒಣಗಿ ಬಿರುಸಾಗುತ್ತದೆ. ಡಬ್ಬಿಯಲ್ಲಿ ಬಂದ ಬೆಲ್ಟನ್ನು ಪೇಟೆಗೆ ಹೋಗುವಾಗ ಹಾಕಿಕೊಳ್ಳಿ. ಬೇಯಿಸುವ ಕಾಲಕ್ಕೆ ಕಪ್ಪು ಸಿಲಿಕಾನಿನ ಸೋವಿ ಬೆಲ್ಟ್ ಒಂದು ಬೇರೆ ಇಟ್ಟುಕೊಳ್ಳಿ.